ಗುಮ್ಮನಿಗೆ ಯಾವ ಬಣ್ಣ

ದೆಹಲಿಯ ಕಡೆ ಸಂಸಾರ ಹೂಡಿದವರಿಗೆಲ್ಲ ವರ್ಷಕ್ಕೊಮ್ಮೆ ಒಂದು ಹಬ್ಬ ಬರುತ್ತದೆ. ಯಾವ ಪಂಚಾಂಗದಲ್ಲೂ ಅದನ್ನು ಹಾಕಿರುವುದಿಲ್ಲ. ದೀಪಾವಳಿಯ ಪಟಾಕಿ ಹೊಗೆ ಇನ್ನೂ ಕರಗಿರುವುದಿಲ್ಲ, ಅಷ್ಟರಲ್ಲಿ ಒಂದು ಬೆಳಿಗ್ಗೆ ಹಾಲಿನ ಭಯ್ಯಾ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಾಗಿಲಿಗೆ ಬರುತ್ತಾನೆ. ಅವತ್ತೇ ಹಬ್ಬ. ಮಂಚದ ಹಲಗೆ ಎತ್ತಿ, ಅದರ ಹೊಟ್ಟೆಯಲ್ಲಿ ಮಲಗಿದ್ದ ರಜಾಯಿ, ಶಾಲು, ಸ್ವೆಟರುಗಳನ್ನೆಲ್ಲ ಹೊರಗೆಳೆದು ಬಿಸಿಲಿಗೆ ಹಾಕಬೇಕು. ಮನೆಯೆಲ್ಲ ನುಸಿಗುಳಿಗೆಯ ವಾಸನೆ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಚಳಿಗಿಂತ ಮೊದಲು ಹಸಿವಾಗುತ್ತದೆ. ಯಾಕೋ ಗೊತ್ತಿಲ್ಲ, ಕಡಲೆಕಾಯಿ, ಗಜ್ಜರಿ ಹಲ್ವ ಎಲ್ಲ ಆ ವಾಸನೆಯ ಹಿಂದೆಯೇ ಬರುತ್ತವಲ್ಲ, ಅದಕ್ಕಿರಬೇಕು.

ಈ ವರ್ಷ ನಾನು ಹಬ್ಬವನ್ನು ಇವತ್ತು ನಾಳೆ ಎಂದು ಮುಂದೂಡುತ್ತ ಬಂದೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ನಮ್ಮ ಯಜಮಾನರು ನಿವೃತ್ತರಾದ ಮೇಲೆ ನಾವು ಗುರುಗ್ರಾಮದಲ್ಲಿ, ಲಿಫ್ಟು ಕೆಟ್ಟರೆ ದೇವರೇ ಗತಿ ಎನ್ನುವಷ್ಟು ಎತ್ತರದ ಫ್ಲಾಟಿಗೆ ಬಂದಿದ್ದೇವೆ. ಇಲ್ಲಿ ಬಿಸಿಲೂ ಅಪಾಯಿಂಟ್‌ಮೆಂಟ್ ತೆಗೆದುಕೊಂಡೇ ಬಾಲ್ಕನಿಗೆ ಬರುತ್ತದೆ. ಕೊನೆಗೆ ಇವರು ಒಂದೇ ಸಮನೆ ಸೀನತೊಡಗಿ, "ನನ್ನ ಸ್ವೆಟರಾದ್ರೂ ತೆಗೆದುಕೊಡ್ತೀಯೋ, ಇಲ್ಲ ರಜಾಯಿ ಹೊದ್ದುಕೊಂಡೇ ವಾಕಿಂಗ್ ಹೋಗಲೋ?" ಎಂದಾಗ ಹಲಗೆ ಎತ್ತಲೇಬೇಕಾಯಿತು.

ಎಲ್ಲಕ್ಕಿಂತ ತಳದಲ್ಲಿ ಆ ಸ್ವೆಟರಿತ್ತು. ಕುಂಕುಮದ ಬಣ್ಣದ್ದು, ನಮ್ಮಮ್ಮ ಹೆಣೆದದ್ದು. ನಮ್ಮಮ್ಮ ದಾವಣಗೆರೆಯವಳು. ಚಳಿ ಎಂದರೆ ಸಂಕ್ರಾಂತಿ ಮುಂಜಾನೆ ತಲೆಗೆ ಸೆರಗು ಹೊದೆಯುವಷ್ಟು ಎಂದು ತಿಳಿದಿದ್ದವಳು. ಮಗಳು ದೆಹಲಿಗೆ ಹೊರಟಳೆಂದು ಯಾರನ್ನೋ ಕೇಳಿ ಹೆಣಿಗೆ ಕಲಿತು, ಉಣ್ಣೆಯಲ್ಲಿ ಒಂದು ಕೋಟೆಯನ್ನೇ ಕಟ್ಟಿದ್ದಳು. ಎಡತೋಳು ಬಲತೋಳಿಗಿಂತ ಉದ್ದ. ಕೇಳಿದರೆ, "ಎಡಗಡೆದು ಹೆಣೆಯೋವಾಗ ನಿಮ್ಮಪ್ಪ ರೇಡಿಯೋ ಹಾಕಿದ್ರು ಕಣೆ, ಲೆಕ್ಕ ತಪ್ಪೋಯ್ತು" ಎಂದಳು. ಹೊಟ್ಟೆಯ ಮೇಲೆ ಎರಡು ಜೇಬು, ಒಂದೊಂದರಲ್ಲೂ ಒಂದೊಂದು ಸೋರೆಕಾಯಿ ಹಿಡಿಸುವಂಥವು. "ಸ್ವೆಟರಿಗೆ ಇಷ್ಟು ದೊಡ್ಡ ಜೇಬು ಯಾಕಮ್ಮ?" ಎಂದರೆ, "ಚಳಿಯಾದ್ರೆ ಕೈ ಎಲ್ಲಿಡ್ತೀಯ? ನಿನ್ನ ಗಂಡನ ಜೇಬಲ್ಲಾ?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಆ ಜೇಬಿಗೆ ಕೈ ಹಾಕಿದೆ. ಗಟ್ಟಿಯಾಗಿ ಏನೋ ಸಿಕ್ಕಿತು. ನುಸಿಗುಳಿಗೆ ಎಂದುಕೊಂಡು ತೆಗೆದರೆ ಬೆರಳೆಲ್ಲ ನೀಲಿ. ಒಂದು ತುಂಡು ಚಾಕ್ ಪೇಸ್ಟಲ್. ಅಡಿಕೆ ಚೂರಿಗಿಂತ ಸ್ವಲ್ಪ ದೊಡ್ಡದು, ಇಷ್ಟು ವರ್ಷವಾದರೂ ಬಣ್ಣ ಒಂದಿಷ್ಟೂ ಮಾಸಿಲ್ಲ. ನಾನು ಮಂಚದ ಅಂಚಿನಲ್ಲಿ ಹಾಗೇ ಕೂತುಬಿಟ್ಟೆ. ಇವರ ಸ್ವೆಟರು ಇನ್ನೂ ಒಳಗೇ ಇತ್ತು. ಇವರು ಸೀನುತ್ತಲೇ ಇದ್ದರು.

ಚಾಕ್ ಪೇಸ್ಟಲ್ ಎಂದರೆ ಏನು ಎಂದು ಕೇಳಬೇಡಿ, ಹೇಳುತ್ತೇನೆ. ಸೀಮೆಸುಣ್ಣದ ಶ್ರೀಮಂತ ನೆಂಟ. ಬಣ್ಣ ಜಾಸ್ತಿ, ಸುಣ್ಣ ಕಡಿಮೆ, ಮುಟ್ಟಿದರೆ ಪುಡಿ. ಕಾಗದದ ಮೇಲೆ ಗೀಚಿ ಬೆರಳಿನಿಂದ ತಿಕ್ಕಿದರೆ ಬಣ್ಣ ಹೊಗೆಯಂತೆ ಹರಡುತ್ತದೆ. ಇದನ್ನೆಲ್ಲ ಹೇಳುವ ಅಧಿಕಾರ ನನಗೆಲ್ಲಿಂದ ಬಂತು ಎಂದರೆ, ನಾನು ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೆ. ಹೈಯರ್ ಕಟ್ಟಿ ಫೇಲಾದೆ. ನಾನು ಬರೆದ ಹೂಜಿ ಪರೀಕ್ಷಕರ ಕಣ್ಣಿಗೆ ಕುಂಬಳಕಾಯಿಯಾಗಿ ಕಂಡಿತೆಂದು ನನ್ನ ಗುಮಾನಿ. ಆದರೆ ಹಾಳೂರಿಗೆ ಉಳಿದವನೇ ಗೌಡ. ಆಗ ದೆಹಲಿಯಲ್ಲಿ ನಾವಿದ್ದ ಸರ್ಕಾರಿ ಕ್ವಾರ್ಟರ್ಸಿನ ಸುತ್ತಮುತ್ತ ಕನ್ನಡದ ಮನೆಗಳಲ್ಲಿ ಲೋಯರ್ ಪಾಸಾದವಳೂ ನಾನೊಬ್ಬಳೇ.

ಅದು ಶುರುವಾದದ್ದು ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಹೆಂಗಸರೆಲ್ಲ ಸಜ್ಜಿಗೆ ತಿನ್ನುತ್ತ, ಮಕ್ಕಳಿಗೆ ಕನ್ನಡವೇ ಬರುವುದಿಲ್ಲವಲ್ಲ ಎಂದು ಕೊರಗುತ್ತಿದ್ದೆವು. ಊರಿಂದ ಅಜ್ಜಿ ಫೋನ್ ಮಾಡಿದರೆ ಮೊಮ್ಮಕ್ಕಳು "ನಮಸ್ತೇ ಅಜ್ಜಿ, ಆಪ್ ಕೈಸೇ ಹೋ" ಎನ್ನುತ್ತವೆ, ಅಜ್ಜಿ ಆ ಕಡೆಯಿಂದ "ಯಾರದು, ರಾಂಗ್ ನಂಬರಾ?" ಎಂದು ಇಟ್ಟುಬಿಡುತ್ತಾರೆ. ಪಾಠ ಎಂದರೆ ಮಕ್ಕಳು ಓಡುತ್ತವೆ, ಚಿತ್ರ ಎಂದರೆ ಬಂದಾವು, ಚಿತ್ರದ ನೆಪದಲ್ಲಿ ನಾಲ್ಕು ಕನ್ನಡದ ಮಾತು ಕಿವಿಗೆ ಬೀಳಲಿ ಎಂದು ಎಲ್ಲರೂ ಸೇರಿ ನನ್ನನ್ನು ಮೇಷ್ಟ್ರು ಮಾಡಿದರು. ಭಾನುವಾರ ಬೆಳಿಗ್ಗೆ, ನಮ್ಮ ಬ್ಲಾಕಿನ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಜಮಖಾನ ಹಾಸಿ ಕ್ಲಾಸು. ನನ್ನ ಸಂಬಳ ಚಕ್ಕುಲಿ, ಕೋಡುಬಳೆ.

ಬಣ್ಣ ತರಲು ಕರೋಲ್ ಬಾಗಿಗೆ ಹೋದೆ. ಮೆಟ್ರೋಗೆಂದು ಆಗ ಅಲ್ಲೆಲ್ಲ ಅಗೆದು ಹಾಕಿದ್ದರು. ರಿಕ್ಷಾದವನು ಹಳ್ಳ ದಿಣ್ಣೆಯಲ್ಲಿ ನನ್ನ ಮೂಳೆಗಳನ್ನೆಲ್ಲ ಒಮ್ಮೆ ಎಣಿಸಿ ಇಳಿಸಿದ. ಅಂಗಡಿಯ ಭಯ್ಯಾ ಚಾಕ್ ಎಂದರೆ ಕರಿಹಲಗೆಯ ಸೀಮೆಸುಣ್ಣ ಕೊಟ್ಟ, ಪೇಸ್ಟಲ್ ಎಂದರೆ ಮೇಣದ ಕಡ್ಡಿ ಕೊಟ್ಟ. ಎರಡನ್ನೂ ಸೇರಿಸಿ ಹೇಳಿದಾಗ, "ಮೇಡಮ್, ಪಹಲೇ ಸೋಚ್ ಲೋ, ಚಾಹಿಯೇ ಕ್ಯಾ" ಎಂದು, ಏನು ಬೇಕೆಂದು ಮೊದಲು ಯೋಚಿಸಿಕೊಳ್ಳುವಂತೆ ನನಗೇ ಬುದ್ಧಿ ಹೇಳಿದ. ಕೊನೆಗೆ ಅಟ್ಟದ ಮೇಲಿಂದ ದೂಳು ತಿನ್ನುತ್ತಿದ್ದ ಡಬ್ಬಿಗಳನ್ನು ಇಳಿಸಿದ. ಅವನಿಗೂ ಅವುಗಳನ್ನು ಸಾಗಹಾಕಬೇಕಿತ್ತೆಂದು ಕಾಣುತ್ತದೆ.

ಮೊದಲ ಕ್ಲಾಸಿನಲ್ಲೇ ಎಡವಟ್ಟು. ನಾವು ಕನ್ನಡದವರು ಚಿತ್ರವನ್ನೂ ಬರೆಯುತ್ತೇವೆ, ಪತ್ರವನ್ನೂ ಬರೆಯುತ್ತೇವೆ. ನಾನು ಠೀವಿಯಿಂದ, "ಎಲ್ರೂ ಒಂದು ಮರ ಬರೀರಿ" ಎಂದೆ. ಪಕ್ಕದ ಬ್ಲಾಕಿನ ಅಕ್ಷಯ ಎಂಬ ವಾಚಾಳಿ ಹುಡುಗ ಕಾಗದದ ತುಂಬ ದೊಡ್ಡದಾಗಿ ಹಿಂದಿ ಅಕ್ಷರದಲ್ಲಿ 'ಮರ' ಎಂದು ಬರೆದ. ಅಪ್ಪಣೆ ಪಾಲಿಸಿದ್ದ, ಪಾಪ. ಹಿಂದಿಯಲ್ಲಿ ಓದಿದರೆ ಅದು 'ಮರ್', ಅಂದರೆ ಸಾಯಿ. ಸಂಜೆ ಅವರಪ್ಪ ಆ ಕಾಗದ ಹಿಡಿದುಕೊಂಡು ಗಾಬರಿಯಿಂದ ನಮ್ಮ ಮನೆಗೆ ಬಂದರು: "ಏನು ಮೇಡಂ, ಡ್ರಾಯಿಂಗ್ ಕ್ಲಾಸಲ್ಲಿ ಇದನ್ನ ಕಲಿಸ್ತೀರಾ?"

ಮುಂದಿನ ವಾರ ಜಾಣಳಾದೆ. "ಬರೀರಿ" ಬೇಡ ಎಂದು "ಬಿಡಿಸಿ" ಎಂದೆ. ಚಳಿಗಾಲದಲ್ಲಿ ದೆಹಲಿಯ ಮಕ್ಕಳು ಅಮ್ಮಂದಿರ ಜೊತೆ ಕೂತು ಬಟಾಣಿ ಬಿಡಿಸುವುದನ್ನು ಚೆನ್ನಾಗಿ ಬಲ್ಲರು. ನಾನು ತಿರುಗಿ ನೋಡುವಷ್ಟರಲ್ಲಿ ಪೇಸ್ಟಲ್ ಕಡ್ಡಿಗಳ ಮೈಮೇಲಿನ ಕಾಗದವನ್ನೆಲ್ಲ ಬಿಡಿಸಿ ಗುಡ್ಡೆ ಹಾಕಿದ್ದರು. ಬೈಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಷಯ ಆ ಬೆತ್ತಲೆ ಕಡ್ಡಿಯನ್ನು ಅಡ್ಡಡ್ಡ ಮಲಗಿಸಿ ಕಾಗದದ ಮೇಲೆ ಎಳೆದ. ಅಂಗೈ ಅಗಲದ ಬಣ್ಣದ ಪಟ್ಟೆ ಮೂಡಿತು. ಲೋಯರ್ ಪಾಸಾದವಳಿಗೂ ಹೊಳೆಯದ ವಿದ್ಯೆ! ಅವತ್ತಿನಿಂದ ನಮ್ಮ ಕ್ಲಾಸಿನ ವಿಧಾನವೇ ಅದಾಯಿತು. ಗೆರೆ ಎಳೆಯುವಂತಿಲ್ಲ. ಕಡ್ಡಿ ಮಲಗಿಸಿ ಬಣ್ಣ ಹಚ್ಚು, ಬೆರಳಿನಿಂದ ತಿಕ್ಕು, ಮೋಡವಾಗಲಿ. ಆ ಮೋಡದೊಳಗೆ ಯಾರಾದರೂ ಕಂಡರೆ ಅವರಿಗೆ ಕಣ್ಣು ಇಡು, ಆಮೇಲೆ ಕೈಕಾಲು.

ಮೋಡ ಮಾಡುವುದೇನೋ ಮಾಡುತ್ತಿದ್ದರು. ಆದರೆ ಅದರೊಳಗೆ ಯಾರೂ ಕಾಣುತ್ತಿರಲಿಲ್ಲ. ಸ್ಕೂಲಿನಲ್ಲಿ ಅಷ್ಟು ಹೊತ್ತಿಗಾಗಲೇ ಅವರಿಗೆ 'ಸೀನರಿ' ಕಲಿಸಿಬಿಟ್ಟಿದ್ದರು: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಮನೆ, ಮನೆಯಿಂದ ಹೊಳೆಯವರೆಗೆ ದಾರಿ. ದೆಹಲಿಯಲ್ಲಿ ಹುಟ್ಟಿದ ಮಕ್ಕಳು ಬೆಟ್ಟ ಎಲ್ಲಿ ನೋಡಿದ್ದವೋ! ನೋಡದೇ ಇರೋದನ್ನ ಬರೀರಿ ಎಂದರೆ, "ಆಂಟಿ, ಕಹಾಂ ಸೇ ಕಾಪಿ ಕರೇಂ?" ಎಂದು ಕೇಳುತ್ತಿದ್ದವು. ನೋಡದ್ದನ್ನು ಎಲ್ಲಿಂದ ನೋಡಿ ಬರೆಯುವುದು ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಇದರ ಮಧ್ಯೆ ನಿಮಿಷಕ್ಕೊಂದು ದೂರು: "ಆಂಟಿ, ಮೇರಾ ರೆಡ್ ಗುಮ್ ಹೋ ಗಯಾ", "ಆಂಟಿ, ಗ್ರೀನ್ ಭೀ ಗುಮ್." ಗುಮ್ ಎಂದರೆ ಕಳೆದುಹೋಯಿತು ಎಂದು ಅರ್ಥ. ಕಳೆದ ಬಣ್ಣಗಳೆಲ್ಲ ಜಮಖಾನದ ಕೆಳಗೇ ಸಿಗುತ್ತಿದ್ದವು. ಈ ಗುಮ್ ಎಂಬ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಂಚರ ಎಂಬ ಹುಡುಗಿ ನಮ್ಮ ಟೆರೇಸಿಗೆ ಬಂದದ್ದು ಆ ಚಳಿಗಾಲದಲ್ಲಿ. ಒಂದನೇ ಕ್ಲಾಸಿನ ಮಗು. ಹೆಸರು ಎಷ್ಟು ಚೆಂದ ನೋಡಿ. ಅವಳ ಸ್ಕೂಲಿನಲ್ಲಿ ಮಾತ್ರ ಎಲ್ಲರೂ 'ಇಂಚಾರ್ಜ್' ಎನ್ನುತ್ತಿದ್ದರಂತೆ. ಅಪ್ಪ ಓಖ್ಲಾದ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎಕ್ಸ್‌ಪೋರ್ಟ್ ಆರ್ಡರು ಬಂದರೆ ಮನೆ ಮರೆಯುವ ಕೆಲಸ. ಅಮ್ಮ ವೀಣಾ ಒಂದು ಸರ್ಕಾರಿ ಕಚೇರಿಯಲ್ಲಿದ್ದಳು. ಕಾದು ಕಾದು ಬಡ್ತಿ ಸಿಕ್ಕಿತ್ತು, ಬಡ್ತಿ ಗಟ್ಟಿಯಾಗಬೇಕಾದರೆ ನಾಗಪುರದಲ್ಲಿ ಕೆಲವು ತಿಂಗಳ ತರಬೇತಿ ಮುಗಿಸಬೇಕು. ಮಗುವನ್ನು ನೋಡಿಕೊಳ್ಳಲು ಅರಸೀಕೆರೆಯಿಂದ ವೀಣಾಳ ತಾಯಿ ಶಾರದಮ್ಮ ಬಂದಿದ್ದರು. ಅವರಿಗೆ ಹಿಂದಿ ಒಂದಕ್ಷರ ಬಾರದು. ಮಗುವಿಗೆ ಕನ್ನಡ ಅರ್ಧಂಬರ್ಧ ತಿಳಿಯುತ್ತಿತ್ತು, ಆಡುತ್ತಿದ್ದುದೆಲ್ಲ ಹಿಂದಿ.

ಮೊದಲ ದಿನವೇ ಶಾರದಮ್ಮ ನನ್ನನ್ನು ಟ್ಯಾಂಕಿನ ಮರೆಗೆ ಕರೆದರು. "ಟೀಚರಮ್ಮ, ನನ್ನ ಕಂಡ್ರೆ ಆಗಾಕಿಲ್ಲ ಈ ಕೂಸಿಗೆ. ತಟ್ಟೆಗೆ ಇಕ್ಕಿದ್ದೆಲ್ಲ ಉಣ್ತದೆ, ಅದ್ರಲ್ಲಿ ಹೆಸರಿಡಂಗಿಲ್ಲ, ಒಂದಗುಳು ಬಿಡಾಕಿಲ್ಲ. ಆದ್ರೆ ಹತ್ರಕ್ಕೆ ಬರಾಕಿಲ್ಲ. ಮಾತಿಲ್ಲ, ನಗು ಇಲ್ಲ. ಕರೆದ್ರೆ ಬಾಗ್ಲು ನೋಡ್ತದೆ" ಎಂದರು. "ತಿಂಗಳ ಕೊನೆಗೆ ನಮ್ಮೂರ ಕಡೆಯೋರು ಯಾರೋ ರೈಲಿಗೆ ಹೊಂಟವ್ರಂತೆ. ಅವ್ರ ಜೊತೆ ಹೊಂಟೋಗ್ತೀನಿ. ವೀಣಾ ಟ್ರೈನಿಂಗ್ ಬಿಟ್ಟು ಬಂದು ಮಗೀನ ನೋಡ್ಕಳ್ಲಿ. ನಾನಿದ್ದು ಈ ಕೂಸು ಹಿಂಗೆ ಒಣಗೋದ ನೋಡಾಕಾಗಲ್ಲ ನನ್ ಕೈಲಿ."

ಅವರು ಹೊರಟರೆ ವೀಣಾಳ ಬಡ್ತಿ ಹೋಯಿತು ಎಂದೇ ಅರ್ಥ. ಅದಕ್ಕಿಂತ ಹೆಚ್ಚಾಗಿ, ಹೆತ್ತ ಮಗಳ ಮಗುವೇ ತನ್ನನ್ನು ದೂರವಿಟ್ಟಿತು ಎಂಬ ನೋವನ್ನು ಗಂಟು ಕಟ್ಟಿಕೊಂಡು ಆ ಹೆಂಗಸು ರೈಲು ಹತ್ತಬೇಕಿತ್ತು. "ಬಣ್ಣ ಮುಟ್ಟಿದ್ರೆ ಸರಿಹೋಗ್ತಾಳೆ ಬಿಡಿ ಅಮ್ಮ" ಎಂದೆ, ದೊಡ್ಡ ವೈದ್ಯರ ಹಾಗೆ.

ಇಂಚರ ಬಣ್ಣ ಮುಟ್ಟಲಿಲ್ಲ. ಜಮಖಾನದ ಮೂಲೆಯಲ್ಲಿ ಕೂತು ಟೆರೇಸಿನ ಬಾಗಿಲನ್ನೇ ನೋಡುತ್ತಿದ್ದಳು. ಮಧ್ಯೆ ಚಕ್ಕುಲಿ ಹಂಚಿದಾಗ ಮಾತ್ರ ಗಬಗಬನೆ ತಿಂದಳು, ಮಡಿಲಿಗೆ ಬಿದ್ದ ಪುಡಿಯನ್ನೂ ಆರಿಸಿ ತಿಂದಳು. ಹಸಿದಿದ್ದಾಳೆಂದು ಇನ್ನೆರಡು ಕೊಟ್ಟೆ. ಅವನ್ನೂ ತುರುಕಿಕೊಂಡಳು, ಆದರೆ ಕಣ್ಣಲ್ಲಿ ನೀರು. ಇದೇನಪ್ಪ, ಇಷ್ಟು ಇಷ್ಟಪಟ್ಟು ಅಳುತ್ತ ತಿನ್ನುವ ಮಗುವನ್ನು ನಾನು ನೋಡೇ ಇರಲಿಲ್ಲ.

ಆ ಶನಿವಾರ ನಮ್ಮಮ್ಮನಿಗೆ ಫೋನ್ ಮಾಡಿದಾಗ ನನ್ನ ಶಿಷ್ಯರ ಸೀನರಿ ಸಂಕಟ ಹೇಳಿಕೊಂಡೆ. "ನೋಡದೇ ಇರೋದನ್ನ ಬರೀರಿ ಅಂದ್ರೆ ಯಾರಿಗೂ ಬರಲ್ಲಮ್ಮ" ಎಂದೆ.

"ಗುಮ್ಮನ್ನ ಬರೆಸೇ" ಎಂದಳು ಅಮ್ಮ. "ಅವನನ್ನ ಯಾರೂ ನೋಡಿಲ್ಲ."

"ಹೌದಲ್ಲ! ಗುಮ್ಮ ಹೇಗಿರ್ತಾನಮ್ಮ?"

"ಅವನೇನು ನನಗೆ ಫೋಟೋ ಕಳಿಸಿದ್ನಾ? ನಿನ್ನ ಊಟ ಮುಗಿಯೋವರೆಗೆ ಬಾಗಿಲ ಹಿಂದೆ ನಿಂತಿರ್ತಿದ್ದ. ನನಗೆ ಅಷ್ಟೇ ಗೊತ್ತು."

ನಿಜ, ನಿಂತಿರುತ್ತಿದ್ದ. ದಾವಣಗೆರೆಯ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಅಕ್ಕಿ ಮೂಟೆಯಿತ್ತು, ಅದರ ಮೇಲೊಂದು ಹಳೆಯ ಕೊಡೆ ನೇತಾಡುತ್ತಿತ್ತು. ಅದೇ ಗುಮ್ಮನ ವಿಳಾಸ. ಕೊನೆಯ ತುತ್ತು ಬೇಡವೆಂದು ನಾನು ಮುಖ ತಿರುಗಿಸಿದರೆ ಅಮ್ಮ ದನಿ ತಗ್ಗಿಸಿ, ಕಣ್ಣಗಲಿಸಿ, "ಗುಮ್ಮ!" ಎನ್ನುತ್ತಿದ್ದಳು. ತುತ್ತು ತಾನಾಗಿ ಒಳಗೆ ಹೋಗುತ್ತಿತ್ತು. ಎಷ್ಟು ವರ್ಷ ಕಾದರೂ ಆತ ಒಮ್ಮೆಯೂ ಹೊರಗೆ ಬರಲಿಲ್ಲ. ಅಂಥ ಸಂಭಾವಿತ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಶಾರದಮ್ಮ ಟ್ಯಾಂಕಿಗೆ ಒರಗಿ ಬಟಾಣಿ ಬಿಡಿಸುತ್ತಿದ್ದರು. ನಾನು ಅಮ್ಮ ಹೆಣೆದ ಸ್ವೆಟರಿನ ಜೇಬಿನಲ್ಲಿ ಕೈ ಇಟ್ಟುಕೊಂಡು, "ಇವತ್ತು ಎಲ್ರೂ ಗುಮ್ಮನ ಚಿತ್ರ ಮಾಡಿ" ಎಂದು ಸಾರಿದೆ.

"ಗುಮ್ಮಾ ತೋ ಈಂಟ್ ಹೋತೀ ಹೈ ಆಂಟಿ!" ಎಂದ ಅಕ್ಷಯ. ಅವರ ಮನೆ ಹತ್ತಿರ ಗಾರೆ ಕೆಲಸ ನಡೆಯುತ್ತಿತ್ತು. ಅಲ್ಲಿಯ ಕೆಲಸಗಾರರು ದಪ್ಪ ಇಟ್ಟಿಗೆಗೆ ಗುಮ್ಮಾ ಎನ್ನುತ್ತಾರಂತೆ. ನಾನು ವಿವರಿಸುವ ಮೊದಲೇ ಅವನು ಕೆಂಪು ಕಡ್ಡಿ ಮಲಗಿಸಿ ಒಂದು ಇಟ್ಟಿಗೆ ಎಳೆದು, ಅದಕ್ಕೆ ಕಣ್ಣು, ಹಲ್ಲು, ನಾಲ್ಕು ಕಾಲು ಇಟ್ಟ. ಉಳಿದವರು ಅದನ್ನು ನೋಡಿ ಕುಣಿದರು. ಒಬ್ಬಳು ಕೋಡಿಟ್ಟಳು, ಇನ್ನೊಬ್ಬ ಬಾಲವಿಟ್ಟ. ಸೀನರಿ ಸತ್ತೇಹೋಯಿತು! ನಾನು ಒಳಗೊಳಗೇ ಅಮ್ಮನಿಗೆ ಕೈ ಮುಗಿದೆ.

ಆಗಲೇ ಇಂಚರಳನ್ನು ನೋಡಿದ್ದು. ಮೊದಲ ಬಾರಿಗೆ ಅವಳ ಕೈಯಲ್ಲಿ ಒಂದು ಕಡ್ಡಿಯಿತ್ತು, ನೀಲಿಯದು. ಕೋಡಿಲ್ಲ, ಹಲ್ಲಿಲ್ಲ. ಅವಳು ಬರೆಯುತ್ತಿದ್ದುದು ಒಬ್ಬ ಹೆಂಗಸನ್ನು. ಉದ್ದ ಜಡೆ, ಹಣೆಗೆ ಬೊಟ್ಟು, ಹೆಗಲಿಗೊಂದು ಆಫೀಸ್ ಬ್ಯಾಗು. ಪಕ್ಕದಲ್ಲಿ ಒಂದು ಬಾಗಿಲು. ಬರೆದು ಮುಗಿಸಿದವಳೇ ಅಂಗೈ ಊರಿ ಆ ಹೆಂಗಸನ್ನು ತಿಕ್ಕತೊಡಗಿದಳು. ಮುಖ ಹೋಯಿತು, ಜಡೆ ಹೋಯಿತು. ಬಾಗಿಲ ಪಕ್ಕ ಬರೀ ನೀಲಿ ಹೊಗೆ ಉಳಿಯಿತು.

"ಇದ್ಯಾರು ಪುಟ್ಟಿ?" ಎಂದು ಕೇಳಿದೆ.

"ಗುಮ್... ಮಾ" ಎಂದಳು, ಬಿಡಿಸಿ ಬಿಡಿಸಿ. ಆಮೇಲೆ ಪಿಸುಮಾತಿನಲ್ಲಿ, "ಪೂರಾ ಖಾನಾ ನಹೀಂ ಖಾಯಾ ತೋ ಮಾ ಗುಮ್ ಹೋ ಜಾಯೇಗೀ. ಅಜ್ಜಿ ರೋಜ್ ಬೋಲ್ತೀ ಹೈ."

ವೀಣಾ ಈಗಿನ ಕಾಲದವಳು, ಮಗುವನ್ನು ಯಾವುದಕ್ಕೂ ಹೆದರಿಸದೆ ಬೆಳೆಸಿದ್ದಳು. ಈ ಮಗು ಗುಮ್ಮನ ಹೆಸರನ್ನೇ ಕೇಳಿರಲಿಲ್ಲ. ಅಮ್ಮ ಬ್ಯಾಗು ಹೆಗಲಿಗೇರಿಸಿ ಹೋದ ಮರುದಿನವೇ ಅಜ್ಜಿ ಊಟಕ್ಕೆ ಕೂರಿಸಿಕೊಂಡು, ಕಣ್ಣಗಲಿಸಿ, ಅಮ್ಮ ಹೊರಟುಹೋದ ಅದೇ ಬಾಗಿಲಿನತ್ತ ಬೆರಳು ತೋರಿಸಿ, "ಉಣ್ಣು, ಇಲ್ದಿದ್ರೆ ಗುಮ್ಮ!" ಎಂದಿದ್ದಾರೆ. ಮಗುವಿಗೆ ಕೇಳಿಸಿದ್ದು ಅದಕ್ಕೆ ಗೊತ್ತಿದ್ದ ಎರಡು ಪದ. ಗುಮ್, ಮಾ. ತಿನ್ನದಿದ್ದರೆ ಅಮ್ಮ ಕಳೆದುಹೋಗುತ್ತಾಳೆ. ಅಷ್ಟು ದಿನವೂ ಆ ಕೂಸು ಊಟ ಮಾಡುತ್ತಿರಲಿಲ್ಲ, ಅಮ್ಮ ಕಳೆದುಹೋಗದಂತೆ ಕಾಯುತ್ತಿತ್ತು.

ಶಾರದಮ್ಮನವರಿಗೆ ಮೆಲ್ಲಗೆ ಹೇಳಿದೆ. ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು. "ಅಯ್ಯೋ ಶಿವನೇ" ಎಂದರು. "ವೀಣಂಗೂ ಇದೇ ಗುಮ್ಮನ್ನ ತೋರ್ಸಿ ಉಣ್ಸಿದ್ದಲ್ಲವ್ವ ನಾನು! ಈಗ ನನ್ನ ಮಗಳೇ ಕಳೆದೋಗ್ತಾಳೆ ಅಂತ ನನ್ನ ಬಾಯಲ್ಲೇ ದಿನಾ ಅಂದಂಗಾಯ್ತಲ್ಲ!" ಸೆರಗಿನಿಂದ ಕಣ್ಣೊರೆಸಿಕೊಂಡರು, ಅತ್ತರು, ಆಮೇಲೆ ಮೂಗು ಸೀಟಿ ಎದ್ದೇಬಿಟ್ಟರು.

ಅಷ್ಟರಲ್ಲಿ ನಾನು ನನ್ನ ಹರಕು ಹಿಂದಿಯಲ್ಲಿ ಮಗುವಿಗೆ ವ್ಯಾಕರಣ ಪಾಠ ಶುರುಮಾಡಿದ್ದೆ. ಗುಮ್ಮ ಒಂದೇ ಪದ, ಗುಮ್ ಬೇರೆ, ಮಾ ಬೇರೆ, ಇದರಲ್ಲಿ ಮಾ ಇಲ್ಲವೇ ಇಲ್ಲ, ಇತ್ಯಾದಿ. ಇಂಚರ ಎಲ್ಲ ಕೇಳಿ, "ತೋ ಫಿರ್ ಗುಮ್ಮಾ ಕೌನ್ ಹೈ?" ಎಂದಳು. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ಗುಮ್ಮ ಯಾರೆಂದು ಯಾರಿಗೆ ಗೊತ್ತು?

ಶಾರದಮ್ಮ ಮಂಡಿ ಹಿಡಿದುಕೊಂಡು ಜಮಖಾನದ ಮೇಲೆ ಕೂತರು. "ಆ ಸೀಮೆಸುಣ್ಣ ಇತ್ತ ಕೊಡು ಕಂದ" ಎಂದು ಮೊಮ್ಮಗಳ ಕೈಯಿಂದ ನೀಲಿ ಕಡ್ಡಿ ತೆಗೆದುಕೊಂಡು, ಅದೇ ಕಾಗದದ ಮೇಲೆ, ಅದೇ ನೀಲಿ ಹೊಗೆಯ ಮೇಲೆ ಚುಕ್ಕಿ ಇಡತೊಡಗಿದರು. ರಂಗೋಲಿ ಬಿಟ್ಟು ಬೇರೆ ಚಿತ್ರ ಕಂಡ ಕೈಯಲ್ಲ ಅದು. ಚುಕ್ಕಿ ಇಟ್ಟು, ಚುಕ್ಕಿ ಸುತ್ತಿ, ಒಂದು ಡೊಳ್ಳುಹೊಟ್ಟೆ ತೆಗೆದರು. ಅದರ ಮೇಲೊಂದು ತಲೆ. ಎರಡು ದೊಡ್ಡ ಕಿವಿ, ಚಿಕ್ಕ ಕೈ. ಮೂತಿಗೆ ಒಂದು ಭಾರೀ ಮೀಸೆ ಇಟ್ಟು, "ನೋಡು, ಇವನು ಗುಮ್ಮ. ಗಂಡಸು. ಅಮ್ಮ ಅಲ್ಲ" ಎಂದರು.

ಇಂಚರ ಮೀಸೆಯನ್ನು ಬಹಳ ಹೊತ್ತು ನೋಡಿದಳು. ಅದು ಒಳ್ಳೆಯ ಪುರಾವೆಯೆನಿಸಿರಬೇಕು. "ಯೇ ಖಾತಾ ಕ್ಯಾ ಹೈ?" ಎಂದಳು.

"ಏನಂತೆ?" ಎಂದರು ಶಾರದಮ್ಮ.

"ಏನು ತಿಂತಾನೆ ಅಂತ ಪೂಛ್ತಾ ಇದಾಳೆ" ಎಂದ ಅಕ್ಷಯ, ದುಭಾಷಿಯ ಗತ್ತಿನಲ್ಲಿ.

ಶಾರದಮ್ಮ ಆ ಡೊಳ್ಳುಹೊಟ್ಟೆಯ ಮೇಲೆ ಬೆರಳಿಟ್ಟರು. "ಮಕ್ಕಳು ತಟ್ಟೇಲಿ ಬಿಟ್ಟಿದ್ದನ್ನ ತಿಂತಾನೆ ಕಂದ. ಅದಕ್ಕೇ ಬಾಗ್ಲ ಹಿಂದೆ ಕಾಯ್ಕೊಂಡು ನಿಂತಿರ್ತಾನೆ. ನೀನು ಎಲ್ಲಾ ಖಾಲಿ ಮಾಡ್ಬಿಟ್ರೆ ಪಾಪ ಅವನಿಗೆ ಉಪಾಸ."

ಅನ್ನ ಬಿಟ್ಟರೆ ಪಾಪ ಬರುತ್ತದೆ ಎಂದು ಮೂರು ಮಕ್ಕಳನ್ನು ಬೆಳೆಸಿದ ಹೆಂಗಸು ಅದನ್ನು ಹೇಳಿದ್ದು! ಅಕ್ಷಯ ಹಿಂದಿಗೆ ತಿರುಗಿಸಿದ. ಇಂಚರ ಡೊಳ್ಳುಹೊಟ್ಟೆಯ ಗುಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಭೂಖಾ ಹೈ?" ಎಂದಳು, ಹಸಿದಿದ್ದಾನಾ ಎಂದು ತನಗೇ ಕೇಳಿಕೊಳ್ಳುವಂತೆ. ಆಮೇಲೆ ಕೇಳಿದಳು, ಕನ್ನಡದಲ್ಲಿ, "ಅಜ್ಜಿ, ಗುಮ್ಮಂಗೆ ಯಾವ ಕಲರ್?"

ಅಷ್ಟು ದಿನದಲ್ಲಿ ಅವಳು ಅಜ್ಜಿ ಎಂದು ಕರೆದದ್ದು ಅದೇ ಮೊದಲು. ಶಾರದಮ್ಮ ಮಗುವಿನ ನೀಲಿ ಅಂಗೈ ಹಿಡಿದು ತೋರಿಸಿದರು. ಇಬ್ಬರೂ ಸೇರಿ ಗುಮ್ಮನ ಹೊಟ್ಟೆಗೆ ಬಣ್ಣ ತಿಕ್ಕಿದರು. ತಿಕ್ಕುತ್ತ ತಿಕ್ಕುತ್ತ ಇಂಚರ ಒಂದು ಬೆರಳನ್ನು ಅಜ್ಜಿಯ ಕೆನ್ನೆಗೆ ಒತ್ತಿ, ಬಣ್ಣ ಹತ್ತಿತೇ ಎಂದು ನೋಡಿ, ನಕ್ಕಳು. ನಾನು ತಿರುಗಿ ಟ್ಯಾಂಕಿನ ಕಡೆ ನಿಂತುಕೊಂಡೆ. ಪೇಸ್ಟಲ್ ದೂಳಿಗೆ ಕಣ್ಣು ಬಹಳ ಉರಿಯುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ.

ಹೊರಡುವಾಗ ಅವಳು ನನ್ನ ಹತ್ತಿರ ಬಂದು, ಉಳಿದ ನೀಲಿ ತುಂಡನ್ನು ನನ್ನ ಸ್ವೆಟರಿನ ಜೇಬಿಗೆ ಹಾಕಿದಳು. "ಗುಮ್ಮ ಇದರ ಅಂದರ್ ಇದಾನೆ. ಪಕಡ್ ಕೇ ರಖನಾ ಆಂಟಿ. ಅಮ್ಮ ಬರೋ ತಕ್" ಎಂದಳು. ಎಷ್ಟಾದರೂ ಮಗು ಜಾಣೆ. ಮೀಸೆಯಿರಲಿ, ಇಲ್ಲದಿರಲಿ, ಹೆಸರಿನಲ್ಲಿ ಗುಮ್ ಇದ್ದವನನ್ನು ಸುಮ್ಮನೆ ಬಿಡಬಾರದು, ಅಮ್ಮ ಬರುವವರೆಗೆ ಹಿಡಿದಿಡಬೇಕು ಎಂದು ಅವಳಿಗೆ ತೋರಿರಬೇಕು. ಪ್ರತಿ ಭಾನುವಾರ ಬಂದವಳೇ "ಇದಾನಾ?" ಎನ್ನುತ್ತಿದ್ದಳು. ನಾನು ಜೇಬಿನೊಳಗೆ ಮುಷ್ಟಿ ಕಟ್ಟಿ "ಇದಾನೆ" ಎನ್ನುತ್ತಿದ್ದೆ. ಮನೆಯಲ್ಲಿ ಅವಳು ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಬಿಟ್ಟು ಏಳತೊಡಗಿದಳಂತೆ. ಶಾರದಮ್ಮ ರೈಲಿನ ಮಾತು ಮತ್ತೆ ಎತ್ತಲಿಲ್ಲ. ವೀಣಾ ತರಬೇತಿ ಮುಗಿಸಿಕೊಂಡು ಬಂದ ಮೇಲೆಯೇ ಅವರು ಊರಿಗೆ ಹೊರಟದ್ದು. ನಾವೂ ಸ್ಟೇಷನ್ನಿಗೆ ಹೋಗಿದ್ದೆವು. ರೈಲಿನ ಕಿಟಕಿಯ ಸರಳಿಗೆ ಮೂಗು ಒತ್ತಿ ಇಂಚರ ಹೇಳಿದಳು, "ಅಜ್ಜಿ, ನೀನು ಗುಮ್ ಆಗಬೇಡ ಹಾಂ." ಶಾರದಮ್ಮನಿಗೆ ಅಷ್ಟು ಹಿಂದಿ ಬಂದಿತ್ತು.

ಅವಳಮ್ಮ ಬಂದ ಮೇಲೆ ನೀಲಿ ತುಂಡಿನ ನೆನಪು ಇಂಚರಳಿಗಿರಲಿಲ್ಲ, ನನಗೂ ಇರಲಿಲ್ಲ. ಸ್ವೆಟರಿನ ತುಂಬ ಬಣ್ಣದ ಪುಡಿ. ನೀರಿಗೆ ಹಾಕಿದರೆ ಹರಡೀತು ಎಂದು ಕೊಡವಿ, ಸುತ್ತಿ ತಳಕ್ಕೆ ಇಟ್ಟೆ. ಮುಂದೆ ಅಂಗಡಿಯ ಹಗುರ ಜಾಕೆಟ್ಟುಗಳು ಬಂದವು. ಉಣ್ಣೆಯ ಕೋಟೆ ಅಲ್ಲೇ ಉಳಿಯಿತು.

ಗುಮ್ಮನ ಕತೆಯನ್ನು ಆ ಭಾನುವಾರ ಸಂಜೆಯೇ ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಅಮ್ಮ ಮೊದಲು ನಕ್ಕಳು. ಆಮೇಲೆ, ಆ ಕೂಸು ಹೊಟ್ಟೆ ತುಂಬಿದ ಮೇಲೂ ತಿನ್ನುತ್ತಿತ್ತೇ ಎಂದು ಎರಡು ಸಲ ಕೇಳಿದಳು. ಕೊನೆಗೆ, "ನೀನು ಯಾಕೆ ಅಳ್ತಿದೀಯ? ನಾನೇನೂ ಕಳೆದುಹೋಗಲ್ಲ. ಹೋಗು, ಊಟ ಮಾಡು" ಎಂದು ಫೋನಿಟ್ಟಳು.

ಈ ಶ್ರಾವಣದಲ್ಲಿ ಅಮ್ಮ ಹೋದಳು. ಮಂಚದ ಹಲಗೆ ಎತ್ತಲು ನಾನು ಇಷ್ಟು ದಿನ ತಡಮಾಡಿದ್ದು ಅದಕ್ಕೇ. ತಳದಲ್ಲಿ ಏನಿದೆಯೆಂದು ಗೊತ್ತಿತ್ತು. ಜೇಬಿನಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ. ಆ ನೀಲಿ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಒಮ್ಮೆ ಮೆಲ್ಲಗೆ ಗುಮ್ಮ ಎಂದು ಹೇಳಿ ನೋಡಿದೆ. ಅಮ್ಮನ ಬಾಯಲ್ಲಿ ಸಾವಿರ ಸಲ ಕೇಳಿದ್ದ ಪದ. ಈ ಸಲ ಅದು ನನಗೂ ಎರಡಾಗಿ ಕೇಳಿಸಿತು, ಆ ಹುಡುಗಿಗೆ ಕೇಳಿಸಿದ ಹಾಗೆ.

ಇವರ ಸ್ವೆಟರು ಹುಡುಕಿ ಕೊಟ್ಟೆ. ಉದ್ದ ತೋಳು, ಗಿಡ್ಡ ತೋಳು ಎರಡನ್ನೂ ಏರಿಸಿಕೊಂಡು, ನೀಲಿ ತುಂಡನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನ ಇವರೇ ಅನ್ನ ಬಡಿಸಿದರು. ನನಗೆ ಹಸಿವಿರಲಿಲ್ಲ. ಎಡಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಪೂರ್ತಿ ಉಂಡೆ.

"ಒಂದಗುಳೂ ಬಿಟ್ಟಿಲ್ವಲ್ಲೇ ಇವತ್ತು?" ಎಂದರು ಇವರು, ತಟ್ಟೆ ನೋಡಿ.

ಬಿಡಲಿಲ್ಲ. ಗುಮ್ಮ ಇವತ್ತೊಂದು ದಿನ ಉಪವಾಸವಿರಲಿ.